ಒಲೆ ಉರಿಯುತ್ತಿದೆ, ಕೋಣೆ ಮಾತ್ರ ತಣ್ಣಗಿದೆ: ಬಿಸಿ ಎಲ್ಲಿ ನಿಂತಿತೆಂದು ಹುಡುಕುವುದು ಹೇಗೆ

ಒಲೆಯಲ್ಲಿ ಉರಿ ಚೆನ್ನಾಗಿದೆ. ಒಲೆ ಇರುವ ಕೋಣೆಯಲ್ಲಿ ಕೂರಲಾಗದಷ್ಟು ಸೆಕೆ. ಪಕ್ಕದ ಕೋಣೆಗೆ ಹೋಗಿ ರೇಡಿಯೇಟರ್, ಅಂದರೆ ಬಿಸಿನೀರು ಹರಿದು ಕೋಣೆ ಕಾಯಿಸುವ ಗೋಡೆಯ ಲೋಹದ ಫಲಕ ಮುಟ್ಟಿದರೆ ಕಲ್ಲಿನ ಹಾಗೆ ತಣ್ಣಗಿದೆ. ಒಲೆಯಲ್ಲಿ ನೀರು ಕಾಯಿಸಿ, ಪೈಪುಗಳಲ್ಲಿ ಹರಿಸಿ ಇಡೀ ಮನೆಯನ್ನು ಬೆಚ್ಚಗಿಡುವ ವ್ಯವಸ್ಥೆ ಇಟ್ಟುಕೊಂಡವರಿಗೆ ಒಂದಲ್ಲ ಒಂದು ಚಳಿಗಾಲದಲ್ಲಿ ಇದು ಎದುರಾಗುತ್ತದೆ. ಆಗ ಹೆಚ್ಚಿನವರಿಗೆ ಮೊದಲು ಅನುಮಾನ ಬರುವುದು ಪಂಪಿನ ಮೇಲೆ. ಹೊಸ ಪಂಪು ತಂದು ಹಾಕುತ್ತಾರೆ. ಕೋಣೆ ಮತ್ತೂ ತಣ್ಣಗೇ ಇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ನಾನು ನಂಬಿಕೊಂಡಿರುವ ಕ್ರಮ ಒಂದೇ. ಬಿಸಿ ಹುಟ್ಟುವ ಜಾಗದಿಂದ ಹೊರಡಿ. ಅದು ಹೋಗುವ ದಾರಿಯಲ್ಲೇ ಪೈಪಿನ ಮೇಲೆ ಕೈ ಇಡುತ್ತಾ ಸಾಗಿ. ಎಲ್ಲಿಯವರೆಗೆ ಬಿಸಿ ಇದೆಯೋ ಅಲ್ಲಿಯವರೆಗಿನದು ಕೆಲಸ ಮಾಡುತ್ತಿದೆ. ಎಲ್ಲಿ ನಿಂತಿತೋ ಅಲ್ಲೇ ಆಸುಪಾಸಿನಲ್ಲಿ ದೋಷ ಇದೆ. ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುವುದು ಇದಾದ ಮೇಲೆ.

ದಾರಿ ಯಾವುದು ಅಂತ ಮೊದಲು ನೋಡಿಕೊಳ್ಳೋಣ. ಒಲೆಯ ಒಳಗೆ, ಬೆಂಕಿಯ ಹಿಂಬದಿಗೆ ನೀರು ತುಂಬಿದ ಒಂದು ಉಕ್ಕಿನ ಪೆಟ್ಟಿಗೆ ಇರುತ್ತದೆ. ಅದೇ ಬಾಯ್ಲರ್. ಅದರ ಮೇಲ್ಭಾಗದಿಂದ ಬಿಸಿ ನೀರು ಹೊರಡುವ ಪೈಪು, ಕೆಳಭಾಗಕ್ಕೆ ತಣಿದ ನೀರು ಬಂದು ಸೇರುವ ವಾಪಸ್ ಪೈಪು. ಅಲ್ಲಿಂದ ಮುಂದೆ ಸಾಮಾನ್ಯವಾಗಿ ಎರಡು ದಾರಿ. ಒಂದು ದಾರಿಯಲ್ಲಿ ಪಂಪಿಲ್ಲ. ಬಿಸಿ ನೀರು ಹಗುರ, ತಣ್ಣೀರು ಭಾರ, ಆ ವ್ಯತ್ಯಾಸದಿಂದಲೇ ನೀರು ತಾನಾಗಿ ಮೇಲೇರಿ ಬಿಸಿನೀರಿನ ಸಿಲಿಂಡರಿಗೆ, ಅಂದರೆ ನಲ್ಲಿಯ ನೀರು ಕಾಯಿಸಿಡುವ ಪೀಪಾಯಿಗೆ ಹೋಗಿ, ಅದರೊಳಗಿನ ಸುರುಳಿ ಪೈಪಿನಲ್ಲಿ ಸುತ್ತಿ ಇಳಿದು ಬರುತ್ತದೆ. ಇದೇ ದಾರಿಯಲ್ಲಿ ವಾಲ್ವೇ ಇಲ್ಲದ ಒಂದು ರೇಡಿಯೇಟರ್ ಕೂಡ ಇರುತ್ತದೆ, ಕರೆಂಟ್ ಹೋದಾಗ ಹೆಚ್ಚಿನ ಬಿಸಿ ಅಲ್ಲಿ ಕರಗಲಿ ಅಂತ. ಎರಡನೇ ದಾರಿಯಲ್ಲಿ ಪಂಪು ಇದೆ. ಅದು ಉಳಿದ ಕೋಣೆಗಳ ರೇಡಿಯೇಟರುಗಳಿಗೆ ನೀರು ತಳ್ಳುತ್ತದೆ. ಎಲ್ಲಕ್ಕಿಂತ ಎತ್ತರದಲ್ಲಿ ಒಂದು ಪುಟ್ಟ ಫೀಡ್ ಟ್ಯಾಂಕು, ಫೀಡ್ ಪೈಪಿನ ಮೂಲಕ ಈ ವ್ಯವಸ್ಥೆಗೆ ನೀರು ತುಂಬುವುದು ಇದೇ. ಬಾಯ್ಲರ್ ಕಡೆಯಿಂದ ಮೇಲೇರಿ ಬಂದು ಅದರ ನೆತ್ತಿಯ ಮೇಲೆ ಬಾಗಿ ನಿಂತ, ಯಾವತ್ತೂ ತೆರೆದೇ ಇರುವ ವೆಂಟ್ ಪೈಪು. ಬರೆಯಲು ಬರುವವರು ಇದನ್ನು ಒಂದು ಹಾಳೆಯಲ್ಲಿ ಗೀಚಿಕೊಳ್ಳಿ. ನಿಮ್ಮ ಮನೆಯ ಪೈಪುಗಳನ್ನೇ ನೋಡಿ ಗೀಚಿ, ಯಾಕೆಂದರೆ ಪ್ರತಿ ಮನೆಯ ಜೋಡಣೆಯೂ ಸ್ವಲ್ಪ ಬೇರೆ.

ಮೊದಲು ಅಪಾಯದ ಮಾತು

ಗ್ಯಾಸ್ ಬಾಯ್ಲರನ್ನು ಸ್ವಿಚ್ ಒತ್ತಿ ಆರಿಸಬಹುದು. ಸೌದೆ ಒಲೆಗೆ ಸ್ವಿಚ್ ಇಲ್ಲ. ಗಾಳಿ ಮುಚ್ಚಿದ ಮೇಲೂ ಕೆಂಡ ತುಂಬಾ ಹೊತ್ತು ಬಿಸಿ ಕೊಡುತ್ತಲೇ ಇರುತ್ತದೆ. ಆ ಬಿಸಿ ಹೋಗಲು ಜಾಗ ಇಲ್ಲದಿದ್ದರೆ ನೀರು ಕುದಿಯುತ್ತದೆ. ಒಂದು ಲೀಟರ್ ನೀರು ಆವಿಯಾದರೆ 1,600 ಲೀಟರಿಗಿಂತ ಜಾಸ್ತಿ ಜಾಗ ಬೇಡುತ್ತದೆ. ವೆಂಟ್ ಪೈಪು ತೆರೆದಿರುವುದು ಈ ಒಂದು ಕಾರಣಕ್ಕೆ. ಬಾಯ್ಲರಿಗೂ ವೆಂಟ್ ಪೈಪಿಗೂ ನಡುವೆ ಯಾವ ವಾಲ್ವೂ ಇರಬಾರದು. ನಿಮ್ಮ ಜೋಡಣೆಯಲ್ಲಿ ಅಲ್ಲೊಂದು ವಾಲ್ವ್ ಕಂಡರೆ ಅದನ್ನು ತೆಗೆಸುವವರೆಗೆ ಒಲೆ ಹಚ್ಚಬೇಡಿ. ಈ ಮಾತಿನಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ.

ಒಲೆಯೊಳಗಿಂದ ಗುಡುಗಿನಂತೆ ಸದ್ದು ಬರುತ್ತಿದೆ, ಪೈಪು ಅದುರುತ್ತಿದೆ, ಮೇಲಿನ ಟ್ಯಾಂಕಿಗೆ ವೆಂಟ್ ಪೈಪಿನಿಂದ ಆವಿ ಅಥವಾ ಕುದಿನೀರು ಬೀಳುತ್ತಿದೆ. ಆಗ ದೋಷ ಹುಡುಕುತ್ತಾ ನಿಲ್ಲಬೇಡಿ. ಒಲೆಯ ಗಾಳಿಕಿಂಡಿಗಳನ್ನು ಮುಚ್ಚಿ, ಬಾಗಿಲು ಮುಚ್ಚಿಯೇ ಇರಲಿ. ಪಂಪು ನಿಂತಿದ್ದರೆ ಚಾಲೂ ಮಾಡಿ. ಎಲ್ಲ ರೇಡಿಯೇಟರ್ ವಾಲ್ವುಗಳನ್ನು ಪೂರ್ತಿ ತೆರೆಯಿರಿ. ಬಿಸಿನೀರಿನ ನಲ್ಲಿ ತಿರುಗಿಸಿ ನೀರು ಹರಿಯಲು ಬಿಡಿ. ಆಗ ಸಿಲಿಂಡರಿಗೆ ತಣ್ಣೀರು ಬಂದು ಬಾಯ್ಲರಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ನಲ್ಲಿಯಲ್ಲಿ ಸುಡುವ ನೀರು ಬರುತ್ತದೆ, ಮಕ್ಕಳನ್ನು ದೂರ ಇಡಿ. ಬೆಂಕಿಗೆ ಮಾತ್ರ ನೀರು ಎರಚಬೇಡಿ. ಎರಕದ ಕಬ್ಬಿಣ ಸೀಳುತ್ತದೆ, ಆವಿ ಮುಖಕ್ಕೇ ಚಿಮ್ಮುತ್ತದೆ.

ಇನ್ನೂ ಎರಡು ಸಂದರ್ಭ. ಬಾಯ್ಲರಿನಲ್ಲಿ ನೀರೇ ಖಾಲಿಯಾಗಿದೆ ಅನಿಸಿದರೆ, ಬಿಸಿ ಇರುವಾಗ ಅದಕ್ಕೆ ತಣ್ಣೀರು ಬಿಡಲೇಬೇಡಿ. ಕಾದ ಉಕ್ಕಿಗೆ ನೀರು ತಾಗಿದ ಕ್ಷಣವೇ ಆವಿಯಾಗಿ ಬಾಯ್ಲರ್ ಸಿಡಿಯಬಹುದು. ಉರಿ ಪೂರ್ತಿ ಆರಿ ಕೈ ಇಡುವಷ್ಟು ತಣಿಯುವವರೆಗೆ ಕಾಯಬೇಕು. ಹಾಗೆಯೇ ಹೊರಗೆ ಹಿಮ ಬೀಳುವಷ್ಟು ಚಳಿಯಿದ್ದು, ಮನೆ ಕೆಲವು ದಿನ ಖಾಲಿ ಇದ್ದರೆ, ಅಟ್ಟದಲ್ಲಿ ವೆಂಟ್ ಪೈಪು, ಫೀಡ್ ಪೈಪು ಹೆಪ್ಪುಗಟ್ಟಿಲ್ಲ ಅಂತ ಖಚಿತ ಮಾಡಿಕೊಳ್ಳದೆ ಕಡ್ಡಿ ಗೀರಬೇಡಿ. ತೆರೆದ ಪೈಪಿನ ಬಾಯಿಗೆ ಮಂಜುಗಡ್ಡೆ ಕೂತರೆ ಅದೂ ಮುಚ್ಚಿದ ವಾಲ್ವೇ.

ಒಲೆ ಇರುವ ಕೋಣೆಯಲ್ಲಿ ಕಾರ್ಬನ್ ಮೋನಾಕ್ಸೈಡ್ ಅಲಾರಂ ಇರಲಿ. ಹೊಗೆ ಹಿಂದಕ್ಕೆ ಬರುವ ಒಲೆಯನ್ನು ಪರೀಕ್ಷೆ ಮಾಡಲು ಹೋಗಿ ತಲೆ ಸುತ್ತಿ ಬೀಳುವುದು ಬೇಡ. ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ.

ಕೈಯಿಂದ ನೋಡುವ ಪರೀಕ್ಷೆ

ಒಲೆ ಪೂರ್ತಿ ತಣಿದ ಮೇಲೆ ಹೊಸದಾಗಿ ಹಚ್ಚಿ ನೋಡಬೇಕು. ಆಗಲೇ ಕಾದಿರುವ ವ್ಯವಸ್ಥೆಯಲ್ಲಿ ಬಿಸಿ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ಕಾಣುವುದಿಲ್ಲ. ಸಣ್ಣ ಬೆಂಕಿ ಮಾಡಿ. ಗಡಿಯಾರ ನೋಡಿಕೊಳ್ಳಿ. ಹೋಗುವ ಪೈಪು ಒಲೆಯಿಂದ ಹೊರಬರುವ ಜಾಗದಲ್ಲಿ ಮೊದಲು ಬೆಚ್ಚಗಾಗಬೇಕು. ಆಮೇಲೆ ಅದೇ ಪೈಪು ಮೇಲೆ, ಆಮೇಲೆ ಸಿಲಿಂಡರಿನ ಹತ್ತಿರ, ಆಮೇಲೆ ವಾಪಸ್ ಪೈಪು. ಪ್ರತಿ ಜಾಗ ಬಿಸಿಯಾದ ಹೊತ್ತನ್ನು ಹಾಳೆಯ ಚಿತ್ರದ ಪಕ್ಕದಲ್ಲೇ ಬರೆದಿಡಿ.

ಕೈ ಒಳ್ಳೆಯ ಥರ್ಮಾಮೀಟರೇ. ಆದರೆ 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ತಾಮ್ರದ ಪೈಪನ್ನು ಹಿಡಿದುಕೊಂಡಿರಲು ಆಗುವುದಿಲ್ಲ, ಬೆರಳು ಸುಡುತ್ತದೆ. ಅಲ್ಲಿಂದ ಮುಂದೆ ಪೈಪಿಗೆ ಕಟ್ಟುವ ಥರ್ಮಾಮೀಟರ್ ಬೇಕು. ದೂರದಿಂದ ಗುರಿ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಂದು ಎಚ್ಚರ. ಹೊಳೆಯುವ ತಾಮ್ರದ ಮೇಲೆ ಅದು ತಪ್ಪು ತೋರಿಸುತ್ತದೆ, ನಿಜಕ್ಕಿಂತ ತುಂಬಾ ಕಡಿಮೆ. ಪೈಪಿಗೆ ಕಪ್ಪು ಇನ್ಸುಲೇಷನ್ ಟೇಪ್ ಒಂದು ಸುತ್ತು ಹಾಕಿ, ಆ ಟೇಪಿಗೆ ಗುರಿ ಇಡಿ. ಸರಿಯಾದ ಅಂಕಿ ಬರುತ್ತದೆ.

ಹೋಗುವ ಪೈಪು, ವಾಪಸ್ ಪೈಪು, ಇವೆರಡರ ಅಂತರವೇ ಅರ್ಧ ಕಥೆ ಹೇಳುತ್ತದೆ. ಎಲ್ಲ ಸರಿ ಇರುವಾಗ ಸಾಮಾನ್ಯವಾಗಿ 10ರಿಂದ 20 ಡಿಗ್ರಿ ಅಂತರ ಇರುತ್ತದೆ. ಹೋಗುವ ಪೈಪು ಕುದಿಯುವ ಹತ್ತಿರ, ವಾಪಸ್ ಪೈಪು ತಣ್ಣಗೆ ಅಂದರೆ ಉರಿ ಸಾಕಷ್ಟಿದೆ, ನೀರು ಹರಿಯುತ್ತಿಲ್ಲ. ಎರಡೂ ಉಗುರುಬೆಚ್ಚಗೆ ಅಂದರೆ ನೀರು ಹರಿಯುತ್ತಿದೆ, ಉರಿಯೇ ಸಾಲದು. ಈ ಎರಡನ್ನು ಬೇರೆ ಮಾಡಿಕೊಂಡರೆ ಬೇಡದ ಕೆಲಸ ಎಷ್ಟೋ ತಪ್ಪುತ್ತದೆ.

ಲೆಕ್ಕ ಬೇಕಾದವರಿಗೆ: ನಿಮಿಷಕ್ಕೆ 10 ಲೀಟರ್ ನೀರು ಹರಿಯುತ್ತಾ 20 ಡಿಗ್ರಿ ಇಳಿದು ಬಂದರೆ ಅದು ಸುಮಾರು 14 ಕಿಲೋವ್ಯಾಟ್ ಬಿಸಿಯನ್ನು ಮನೆಗೆ ಹಂಚುತ್ತಿದೆ. ನಿಮ್ಮ ಬಾಯ್ಲರಿನ ಮೇಲೆ 8 ಕಿಲೋವ್ಯಾಟ್ ಅಂತ ಬರೆದಿದ್ದು, ಗೋಡೆಗಳಲ್ಲಿ 14 ಕಿಲೋವ್ಯಾಟಿನ ರೇಡಿಯೇಟರುಗಳಿದ್ದರೆ, ಕೊನೆಯ ಕೋಣೆ ತಣ್ಣಗಿರುವುದು ದೋಷವೇ ಅಲ್ಲ. ಹಂಚಲು ಅಷ್ಟು ಬಿಸಿ ಇಲ್ಲ, ಅಷ್ಟೇ.

ಉರಿಯೇ ಸಾಲದಿದ್ದಾಗ

ಸೌದೆ ನೋಡಿ. ಆಗಷ್ಟೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ. ಆ ನೀರನ್ನು ಆವಿ ಮಾಡಿ ಚಿಮಣಿಗೆ ಕಳಿಸಲು ಬೆಂಕಿ ತನ್ನ ಶಕ್ತಿ ಖರ್ಚು ಮಾಡಬೇಕು. ಒಂದು ಕಿಲೋ ನೀರಿಗೆ ಸುಮಾರು 0.7 ಯೂನಿಟ್. ತೇವ 20 ಶೇಕಡಕ್ಕಿಂತ ಕಡಿಮೆ ಇರುವ ಸೌದೆ ಕಿಲೋಗೆ ಸುಮಾರು 4 ಯೂನಿಟ್ ಬಿಸಿ ಕೊಟ್ಟರೆ, ಹಸಿ ಸೌದೆ ಅದರ ಅರ್ಧದಷ್ಟು ಕೊಡುತ್ತದೆ. ತೇವ ಅಳೆಯುವ ಸಣ್ಣ ಮೀಟರ್ ಇದ್ದರೆ ಕೊರಡನ್ನು ಹೊಸದಾಗಿ ಸೀಳಿ, ಸೀಳಿದ ಒಳಮೈಗೆ ಚುಚ್ಚಿ ನೋಡಿ. ಹೊರಮೈ ಯಾವಾಗಲೂ ಒಣಗಿದಂತೆಯೇ ಕಾಣುತ್ತದೆ. ಮೀಟರ್ ಇಲ್ಲದಿದ್ದರೆ ಎರಡು ತುಂಡನ್ನು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದು ದಪ್ ಅನ್ನುತ್ತದೆ.

ಸೌದೆ ಸರಿ ಇದೆಯಾ? ಹಾಗಾದರೆ ಬಾಯ್ಲರಿನ ಮುಖ ನೋಡಿ. ಬೆಂಕಿಗೆ ಎದುರಾಗಿರುವ ಉಕ್ಕಿನ ಮೇಲೆ ಮಸಿ, ಡಾಂಬರಿನಂಥ ಅಂಟು ಕೂತಿರುತ್ತದೆ. ಅದು ಕಂಬಳಿ ಹೊದಿಸಿದ ಹಾಗೆ, ಬಿಸಿ ನೀರಿಗೆ ದಾಟುವುದಿಲ್ಲ, ಎಲ್ಲ ಚಿಮಣಿಗೆ ಹೋಗುತ್ತದೆ. ಒಲೆ ತಣಿದಾಗ ಕಬ್ಬಿಣದ ಬ್ರಷ್ಷಿನಿಂದ, ತಗಡಿನ ತುಂಡಿನಿಂದ ಕೆರೆದು ತೆಗೆಯಿರಿ. ಬಾಯ್ಲರಿನ ಮೇಲಿನ ಅಂಚಿನ ಮೇಲೆ ಬೂದಿ ರಾಶಿ ಬಿದ್ದಿರುತ್ತದೆ, ಅದನ್ನು ಮರೆಯಬೇಡಿ. ಹೊಗೆ ಹೋಗುವ ಸಂದಿ ಅಲ್ಲೇ ಇರುವುದು. ಚಿಮಣಿಯನ್ನು ಕಡೆಯ ಸಲ ಯಾವಾಗ ಗುಡಿಸಿದ್ದು ಅಂತ ನೆನಪಾಗದಿದ್ದರೆ, ಗುಡಿಸುವ ಹೊತ್ತು ಆಗಿದೆ ಅಂತಲೇ ಅರ್ಥ.

ಡಾಂಬರಿನಂಥ ಅಂಟು ಪದೇ ಪದೇ ಬರುತ್ತಿದ್ದರೆ ಮೂಲ ಬೇರೆ ಇದೆ. ವಾಪಸ್ ಬರುವ ನೀರು ತುಂಬಾ ತಣ್ಣಗಿದೆ. ಆ ತಣ್ಣನೆಯ ಉಕ್ಕಿಗೆ ಹೊಗೆ ತಾಗಿದಾಗ ಅದರಲ್ಲಿನ ತೇವ, ಟಾರು ಎಲ್ಲ ಅಲ್ಲೇ ಬೆವರುತ್ತದೆ. ಉಕ್ಕನ್ನು ಬೆಂಕಿಯ ಕಡೆಯಿಂದ ತಿನ್ನುತ್ತದೆ ಕೂಡ. ವಾಪಸ್ ನೀರು 55 ಡಿಗ್ರಿ ಆಸುಪಾಸಿಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುವ ಮಿಕ್ಸಿಂಗ್ ವಾಲ್ವ್ ಬರುತ್ತದೆ. ಬಾಯ್ಲರ್ ಕಾಯುವವರೆಗೆ ಅದು ನೀರನ್ನು ಅಲ್ಲಲ್ಲೇ ಸುತ್ತಿಸಿ, ಕಾದ ಮೇಲೆ ನಿಧಾನವಾಗಿ ರೇಡಿಯೇಟರ್ ಕಡೆ ದಾರಿ ಬಿಡುತ್ತದೆ. ಇಂಥ ವಾಲ್ವ್ ಇದ್ದೂ ಸಮಸ್ಯೆ ಇದ್ದರೆ ಅದರೊಳಗಿನ ಥರ್ಮೋಸ್ಟಾಟ್ (ಬಿಸಿ ನೋಡಿ ತಾನೇ ತೆರೆದು ಮುಚ್ಚುವ ಭಾಗ) ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬಹುದು. ಮುಚ್ಚಿದ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಉಲ್ಟಾ: ಒಲೆಯ ಹತ್ತಿರ ಕುದಿಯುತ್ತದೆ, ರೇಡಿಯೇಟರಿಗೆ ಏನೂ ಬರುವುದಿಲ್ಲ.

ಪಂಪಿಲ್ಲದ ದಾರಿ

ನನಗೆ ಈ ಭಾಗದ ಮೇಲೆ ಪ್ರೀತಿ ಜಾಸ್ತಿ. ಕರೆಂಟ್ ಇಲ್ಲ, ಚಲಿಸುವ ಭಾಗ ಇಲ್ಲ, ಆದರೂ ನೀರು ಹಗಲೂ ರಾತ್ರಿ ಸುತ್ತುತ್ತದೆ. ಆದರೆ ಅದನ್ನು ತಳ್ಳುವ ಬಲ ಎಷ್ಟು ಸಣ್ಣದು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. 80 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 972 ಗ್ರಾಂ ತೂಗುತ್ತದೆ. 60 ಡಿಗ್ರಿಯದು ಸುಮಾರು 983 ಗ್ರಾಂ. ವ್ಯತ್ಯಾಸ 11 ಗ್ರಾಂ. ಒಲೆಗಿಂತ ಸಿಲಿಂಡರ್ 3 ಮೀಟರ್ ಎತ್ತರದಲ್ಲಿದ್ದರೆ ಈ ವ್ಯತ್ಯಾಸದಿಂದ ಹುಟ್ಟುವ ಒತ್ತಡ ಬರೀ 33 ಮಿಲಿಮೀಟರ್ ನೀರಿನಷ್ಟು, ಎರಡು ಬೆರಳಗಲ. ಮನೆಯಲ್ಲಿ ಹಾಕುವ ಪಂಪು 4ರಿಂದ 6 ಮೀಟರ್ ಒತ್ತಡ ಕೊಡುತ್ತದೆ. ಅಂದರೆ ನೂರು ಪಟ್ಟಿಗೂ ಹೆಚ್ಚು.

ಪಂಪು ಇರುವ ದಾರಿಯಲ್ಲಿ ಮಾಡಿದರೂ ಸಾಗಿಹೋಗುವ ತಪ್ಪು ಇಲ್ಲಿ ಸಾಗದಿರುವುದು ಇದಕ್ಕೇ. ಪೈಪು ಅಡ್ಡಡ್ಡ ಹೋಗುವ ಕಡೆ ನಡುವೆ ಒಂದಿಷ್ಟು ಉಬ್ಬಿದ್ದರೆ ಸಾಕು, ಅಲ್ಲಿ ಗಾಳಿ ಕೂರುತ್ತದೆ. ಆ ಗಾಳಿಯ ಗುಳ್ಳೆಯನ್ನು ದೂಡುವ ಶಕ್ತಿ 33 ಮಿಲಿಮೀಟರಿಗೆ ಇಲ್ಲ. ಹರಿವು ಸಂಪೂರ್ಣ ನಿಲ್ಲುತ್ತದೆ. ಹಾಗಾಗಿ ಹೋಗುವ ಪೈಪು ಒಲೆಯಿಂದ ಸಿಲಿಂಡರಿನವರೆಗೆ ಏರುತ್ತಲೇ ಹೋಗಬೇಕು. ಎಲ್ಲೂ ಇಳಿಯಬಾರದು, ಮಟ್ಟಸವಾಗಿಯೂ ಇರಬಾರದು. ಅಗಲವೂ ಬೇಕು, ಸಾಮಾನ್ಯವಾಗಿ 28 ಮಿಲಿಮೀಟರ್. ಪಂಪಿನ ದಾರಿಗೆ ಸಾಕಾಗುವ ಸಣ್ಣ ಪೈಪು ಇಲ್ಲಿ ಸಾಲದು. ತೀರಾ ಚೂಪಾದ ತಿರುವುಗಳೂ ಹರಿವನ್ನು ತಿನ್ನುತ್ತವೆ.

ಮಟ್ಟಗೋಲು ತೆಗೆದುಕೊಂಡು ಪೈಪಿನ ಉದ್ದಕ್ಕೂ ಇಟ್ಟು ನೋಡಿ. ನಾನು ಒಂದು ಮನೆಯಲ್ಲಿ ಮೂರು ಸಂಜೆ ಕಳೆದಿದ್ದೇನೆ. ಎರಡು ವರ್ಷ ಚೆನ್ನಾಗಿ ನಡೆದ ವ್ಯವಸ್ಥೆ ಇದ್ದಕ್ಕಿದ್ದಂತೆ ಕುದಿಯಲು ಶುರುಮಾಡಿತ್ತು. ಒಳಗೆ ಕೂತ ಗಾಳಿಯನ್ನು ಹೊರಗೆ ಬಿಟ್ಟರೆ ಎರಡು ದಿನ ಸರಿ, ಮತ್ತೆ ಅದೇ ಕಥೆ. ಸಿಲಿಂಡರಿನ ಸುರುಳಿಯಲ್ಲಿ ಕಿಟ್ಟ ಕಟ್ಟಿದೆ ಅಂತ ನಾನು ಬಲವಾಗಿ ನಂಬಿದ್ದೆ. ಕಡೆಗೆ ಅಟ್ಟದ ಕೆಳಗಿನ ಹಲಗೆ ಎಬ್ಬಿಸಿದಾಗ ಕಂಡಿತು: ಪೈಪು ಹಿಡಿದಿದ್ದ ಒಂದು ಕ್ಲಿಪ್ ಕಳಚಿ, ಪೈಪಿನ ನಡುಭಾಗ ಒಂದು ಬೆರಳು ಜೋತುಬಿದ್ದಿತ್ತು. ಜೋತ ಜಾಗಕ್ಕೆ ಮುಂಚಿನ ಭಾಗ ದಿಬ್ಬವಾಗಿ, ಅಲ್ಲಿ ಗಾಳಿ. ಕ್ಲಿಪ್ ಮತ್ತೆ ಹೊಡೆದು ಗಾಳಿ ಬಿಟ್ಟೆವು. ಅಂದಿನಿಂದ ಸದ್ದಿಲ್ಲ. ಕೈ ಇಟ್ಟು ನೋಡುವಾಗ ಬಿಸಿ ಆ ಹಲಗೆಯ ಆಚೆ ನಿಂತಿದ್ದು ನನಗೆ ಮೊದಲ ಸಂಜೆಯೇ ಗೊತ್ತಾಗಿತ್ತು. ಅಲ್ಲೇ ಹಲಗೆ ಎಬ್ಬಿಸಬೇಕಿತ್ತು.

ಪೈಪು ಸರಿಯಾಗಿ ಏರುತ್ತಿದ್ದೂ ಸಿಲಿಂಡರ್ ಬಿಸಿಯಾಗದಿದ್ದರೆ, ಸಿಲಿಂಡರಿನ ಒಳಸುರುಳಿಯ ಮೇಲಿನ ತುದಿಯಲ್ಲಿ ಗಾಳಿ ಇದೆಯಾ ನೋಡಿ. ಅಲ್ಲಿ ಗಾಳಿ ಬಿಡುವ ಸ್ಕ್ರೂ ಇಲ್ಲದಿದ್ದರೆ ಹಾಕಿಸಿ. ಇನ್ನೊಂದು ಸುಳಿವು: ಪಂಪು ನಿಂತಿರುವಾಗ ಸಿಲಿಂಡರ್ ಕಾಯುತ್ತದೆ, ಪಂಪು ಶುರುವಾದ ಕೂಡಲೇ ತಣಿಯುತ್ತದೆ. ಪಂಪಿನ ಬಲವಾದ ಹರಿವು ವಾಪಸ್ ಪೈಪುಗಳು ಕೂಡುವ ಜಾಗದಲ್ಲಿ ಸಿಲಿಂಡರಿನ ನೀರನ್ನು ಹಿಂದಕ್ಕೆ ತಳ್ಳುತ್ತಿದೆ ಎಂದು ಇದರ ಅರ್ಥ. ಎರಡು ವಾಪಸ್ ಪೈಪುಗಳು ಒಲೆಯ ಹತ್ತಿರ ಹೇಗೆ ಕೂಡುತ್ತವೆ ಎಂಬುದನ್ನು ನೋಡಬೇಕು. ಪಂಪಿನ ಹರಿವು ಸಿಲಿಂಡರಿನ ಹರಿವನ್ನು ತನ್ನ ಜೊತೆ ಎಳೆದುಕೊಂಡು ಹೋಗುವಂಥ ಟೀ (ಮೂರು ಪೈಪು ಕೂಡಿಸುವ ಜೋಡು) ಬರುತ್ತದೆ. ಸಾದಾ ಟೀ ಬದಲು ಅದನ್ನು ಹಾಕಿದರೆ ಜಗಳ ನಿಲ್ಲುತ್ತದೆ.

ಪಂಪು

ಈಗ ಪಂಪಿನ ಹತ್ತಿರ ಬರೋಣ. ಹೋಗುವ ಪೈಪು ಚೆನ್ನಾಗಿ ಕಾದಿದೆ, ಸಿಲಿಂಡರ್ ಬಿಸಿ, ವಾಲ್ವಿಲ್ಲದ ರೇಡಿಯೇಟರ್ ಬಿಸಿ, ಬೇರೆ ಯಾವುದೂ ಬಿಸಿ ಇಲ್ಲ. ಇಷ್ಟೆಲ್ಲ ನೋಡಿಯಾದ ಮೇಲೆ ಪಂಪನ್ನು ಅನುಮಾನಿಸುವುದು ನ್ಯಾಯ.

ಮೊದಲು ಪಂಪಿಗೆ ಕರೆಂಟ್ ಬರುತ್ತಿದೆಯಾ? ಒಲೆಯ ವ್ಯವಸ್ಥೆಯಲ್ಲಿ ಪಂಪನ್ನು ಚಾಲೂ ಮಾಡುವುದು ಪೈಪಿಗೆ ಕಟ್ಟಿದ ಒಂದು ಥರ್ಮೋಸ್ಟಾಟ್. ಪೈಪು ಸಾಮಾನ್ಯವಾಗಿ 50 ಡಿಗ್ರಿ ಆಸುಪಾಸು ಮುಟ್ಟಿದಾಗ ಅದು ಪಂಪನ್ನು ಎಬ್ಬಿಸುತ್ತದೆ. ಇದರ ಸ್ಪ್ರಿಂಗ್ ಸಡಿಲವಾಗಿ ಪೈಪಿನಿಂದ ಒಂದು ಕೂದಲೆಳೆ ದೂರ ಸರಿದರೂ ಅದಕ್ಕೆ ಬಿಸಿ ತಾಗುವುದಿಲ್ಲ. ಪೈಪು ಸುಡುತ್ತಿರುತ್ತದೆ, ಥರ್ಮೋಸ್ಟಾಟ್ ಮಲಗಿರುತ್ತದೆ. ಪಂಪು ಕೆಟ್ಟಿದೆ ಅಂತ ಬಂದ ಕರೆಗಳಲ್ಲಿ ಈ ಸ್ಪ್ರಿಂಗನ್ನು ಬಿಗಿದು ಬಂದದ್ದು ನನಗೆ ಒಂದೆರಡು ಸಲವಲ್ಲ. ಪೈಪಿನ ಮೇಲೆ ಬಣ್ಣ ಇದ್ದರೆ ಅಷ್ಟು ಜಾಗ ಕೆರೆದು, ಥರ್ಮೋಸ್ಟಾಟ್ ಒತ್ತಿ ಕೂರಿಸಿ. ವೈರಿನ ಡಬ್ಬಿ ತೆರೆಯುವ ಮೊದಲು ಮೇನ್ ಆಫ್ ಮಾಡಿ. ಕರೆಂಟಿನ ಕೆಲಸ ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನೇ ಕರೆಯಿರಿ.

ಕರೆಂಟ್ ಬರುತ್ತಿದ್ದು ಪಂಪು ಬೆಚ್ಚಗಿದ್ದೂ ಸದ್ದಿಲ್ಲವೇ? ಬೇಸಿಗೆಯಿಡೀ ನಿಂತಿದ್ದ ಪಂಪಿನ ಶಾಫ್ಟ್ ಕಿಟ್ಟಕ್ಕೆ ಅಂಟಿಕೊಂಡಿರುತ್ತದೆ. ಹಳೆಯ ಮಾದರಿಗಳಲ್ಲಿ ಮುಖದ ಮಧ್ಯದಲ್ಲಿ ಒಂದು ದೊಡ್ಡ ಸ್ಕ್ರೂ ಇರುತ್ತದೆ. ಕರೆಂಟ್ ಆಫ್ ಮಾಡಿ ಅದನ್ನು ಬಿಚ್ಚಿದರೆ ಒಳಗೆ ಶಾಫ್ಟಿನ ತುದಿ ಕಾಣುತ್ತದೆ. ಸ್ಕ್ರೂ ಡ್ರೈವರಿನಿಂದ ಮೆಲ್ಲಗೆ ಆಚೀಚೆ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಸ್ವಲ್ಪ ನೀರು ಬರುತ್ತದೆ, ಬಟ್ಟೆ ಹಿಡಿದುಕೊಳ್ಳಿ. ನೀರು ತಣ್ಣಗಿರುವಾಗ ಮಾತ್ರ ಇದನ್ನು ಮಾಡಿ. ಪಂಪಿನ ಮೈ ಮೇಲಿನ ಬಾಣದ ಗುರುತು ನೀರು ಹೋಗಬೇಕಾದ ದಿಕ್ಕಿಗೇ ಇದೆಯಾ, ಶಾಫ್ಟ್ ಅಡ್ಡಕ್ಕೆ ಮಲಗಿದೆಯಾ ಅಂತಲೂ ನೋಡಿ. ಶಾಫ್ಟ್ ನೆಟ್ಟಗೆ ನಿಂತ ಪಂಪಿನಲ್ಲಿ ಬೇರಿಂಗಿಗೆ ನೀರು ಸರಿಯಾಗಿ ಮುಟ್ಟುವುದಿಲ್ಲ, ಬೇಗ ಸವೆಯುತ್ತದೆ.

ಪಂಪು ತಿರುಗುತ್ತಿದೆ, ಗಳಗಳ ಸದ್ದು ಬರುತ್ತಿದೆ, ಎಷ್ಟು ಸಲ ಗಾಳಿ ಬಿಟ್ಟರೂ ಮತ್ತೆ ಗಾಳಿ. ಆಗ ಅಟ್ಟ ಹತ್ತಿ ಫೀಡ್ ಟ್ಯಾಂಕ್ ನೋಡಿ. ಪಂಪು ಶುರುವಾದಾಗ ವೆಂಟ್ ಪೈಪಿನ ಬಾಯಿಂದ ಟ್ಯಾಂಕಿಗೆ ನೀರು ಬೀಳುತ್ತಿದೆಯಾ? ಅಥವಾ ವೆಂಟ್ ಪೈಪಿನ ಬಾಯಿಗೆ ಒಂದು ಲೋಟ ನೀರು ಹಿಡಿದರೆ ಅದು ಒಳಗೆ ಹೀರುತ್ತಿದೆಯಾ? ಎರಡೂ ಒಂದೇ ಕಾಯಿಲೆಯ ಎರಡು ಮುಖ. ಒಂದೋ ಪಂಪನ್ನು ತಪ್ಪು ಜಾಗದಲ್ಲಿ ಹಾಕಿದ್ದಾರೆ, ಇಲ್ಲವೇ ಟ್ಯಾಂಕಿನಿಂದ ಬರುವ ಫೀಡ್ ಪೈಪು ಕೂಡುವ ಜಾಗದಲ್ಲಿ ಕಟ್ಟಿಕೊಂಡಿದೆ. ಮುಂಚೆ ಸರಿ ಇದ್ದ ಮನೆಯಲ್ಲಿ ಎರಡನೆಯದೇ ಕಾರಣ.

ಕಟ್ಟಿದ ಜಾಗ ಕಂಡುಹಿಡಿಯಲು ಒಂದು ಸುಲಭ ಉಪಾಯ ಇದೆ. ಬಲವಾದ ಅಯಸ್ಕಾಂತ ತೆಗೆದುಕೊಂಡು ತಾಮ್ರದ ಪೈಪಿನ ಮೇಲೆ ಸರಿಸುತ್ತಾ ಹೋಗಿ. ತಾಮ್ರಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಎಲ್ಲಾದರೂ ಅಂಟಿದರೆ ಪೈಪಿನ ಒಳಗೆ ಕಬ್ಬಿಣದ ಕಪ್ಪು ಕಿಟ್ಟ ಗಟ್ಟಿಯಾಗಿ ತುಂಬಿದೆ. ಆ ಒಂದು ಗೇಣು ಪೈಪನ್ನು ಕತ್ತರಿಸಿ ಹೊಸದು ಹಾಕುವುದೇ ದಾರಿ. ಔಷಧ ಬಿಟ್ಟು ಕರಗಿಸುತ್ತೇನೆ ಅಂತ ದಿನ ಕಳೆಯಬೇಡಿ, ಫೀಡ್ ಕಟ್ಟಿದ ಬಾಯ್ಲರ್ ಖಾಲಿಯಾಗುವ ಅಪಾಯ ಇದೆ.

ರೇಡಿಯೇಟರ್

ಮೇಲೆ ತಣ್ಣಗೆ, ಕೆಳಗೆ ಬಿಸಿ: ಗಾಳಿ. ಕೆಳಗೆ ಮಧ್ಯದಲ್ಲಿ ತಣ್ಣಗೆ, ಮೇಲೆ ಬಿಸಿ: ಕೆಸರು. ಇಷ್ಟು ನೆನಪಿದ್ದರೆ ಸಾಕು.

ಗಾಳಿ ಬಿಡುವಾಗ ಪಂಪು ನಿಲ್ಲಿಸಿ, ಕೆಳಗಿನ ಮಹಡಿಯಿಂದ ಶುರುಮಾಡಿ ಮೇಲಕ್ಕೆ ಹೋಗಿ. ಸ್ಸ್ ಅಂತ ಬರುವುದು ನಿಂತು ನೀರು ಬಂದ ಕೂಡಲೇ ರೇಡಿಯೇಟರಿನ ಗಾಳಿ ಬಿಡುವ ಸ್ಕ್ರೂ ಮುಚ್ಚಿ. ಒಂದೇ ರೇಡಿಯೇಟರಿನಲ್ಲಿ ತಿಂಗಳು ತಿಂಗಳೂ ಗಾಳಿ ತುಂಬುತ್ತಿದ್ದರೆ ಅದು ಗಾಳಿಯೇ ಅಲ್ಲದಿರಬಹುದು. ಉಕ್ಕು ನೀರಿನಲ್ಲಿ ಒಳಗೊಳಗೇ ತುಕ್ಕು ಹಿಡಿಯುವಾಗ ಹೈಡ್ರೋಜನ್ ಹುಟ್ಟುತ್ತದೆ. ಅದು ಹತ್ತಿ ಉರಿಯುವ ಅನಿಲ, ಬಿಡುವಾಗ ಹತ್ತಿರ ಬೆಂಕಿ ಕಡ್ಡಿ ತರಬೇಡಿ. ಜೊತೆಗೆ ಬರುವ ನೀರು ಮಸಿಯಂತೆ ಕಪ್ಪಾಗಿದ್ದರೆ ಇನ್ನು ಅನುಮಾನವೇ ಬೇಡ. ಇಡೀ ವ್ಯವಸ್ಥೆಯನ್ನು ತೊಳೆದು, ಹೊಸ ನೀರು ತುಂಬಿ, ತುಕ್ಕು ತಡೆಯುವ ದ್ರಾವಣ ಹಾಕಬೇಕು. ವಾಪಸ್ ಪೈಪಿನಲ್ಲಿ ಅಯಸ್ಕಾಂತದ ಫಿಲ್ಟರ್ ಇದ್ದರೆ ಮುಂದಿನ ಕೆಸರು ಅಲ್ಲೇ ಸಿಗುತ್ತದೆ. ಆದರೆ ಪಂಪಿಲ್ಲದ ದಾರಿಯಲ್ಲಿ ಮಾತ್ರ ಫಿಲ್ಟರ್ ಹಾಕಬೇಡಿ. ಆ ಎರಡು ಬೆರಳಗಲದ ಒತ್ತಡ ನೆನಪಿದೆ ಅಲ್ವಾ?

ಒಲೆಗೆ ಹತ್ತಿರದ ರೇಡಿಯೇಟರ್ ಸುಡುತ್ತಿದ್ದು ದೂರದ್ದು ತಣ್ಣಗಿದ್ದರೆ ಅದು ಹಂಚಿಕೆಯ ತೊಂದರೆ. ನೀರು ಸುಲಭದ ದಾರಿ ಹಿಡಿಯುತ್ತದೆ. ಪ್ರತಿ ರೇಡಿಯೇಟರಿನ ಇನ್ನೊಂದು ತುದಿಯಲ್ಲಿ ಟೋಪಿ ಮುಚ್ಚಿದ ವಾಲ್ವ್ ಇರುತ್ತದೆ. ಹತ್ತಿರದವನ್ನು ಕಾಲು ಸುತ್ತು, ಅರ್ಧ ಸುತ್ತು ಹೀಗೆ ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ, ದೂರದ್ದನ್ನು ಪೂರ್ತಿ ತೆರೆದಿಡಿ. ಒಮ್ಮೆ ತಿರುಗಿಸಿದ ಮೇಲೆ ಅರ್ಧ ಗಂಟೆ ಸುಮ್ನೆ ಬಿಡಿ. ಉರಿ ಒಂದೇ ಸಮ ಇದ್ದರೆ ಮಾತ್ರ ಈ ಹೊಂದಾಣಿಕೆ ಅರ್ಥವಾಗುವುದು, ಹಾಗಾಗಿ ಅವತ್ತು ಒಲೆ ನೋಡಿಕೊಳ್ಳಲು ಮನೆಯಲ್ಲಿ ಇನ್ನೊಬ್ಬರಿದ್ದರೆ ಒಳ್ಳೆಯದು.

ಟ್ಯಾಂಕು, ಒತ್ತಡ

ಫೀಡ್ ಟ್ಯಾಂಕಿನ ನೀರು ತಣ್ಣಗಿರಬೇಕು. ಬಿಸಿಯಾಗಿದ್ದರೆ ಒಲೆ ಕುದಿಯುತ್ತಿದೆ, ಇಲ್ಲವೇ ಪಂಪು ವೆಂಟ್ ಮೂಲಕ ನೀರು ಸುರಿಯುತ್ತಿದೆ. ಇದನ್ನು ನಾಳೆ ನೋಡೋಣ ಅಂತ ಬಿಡಬಾರದು. ಸಾಮಾನ್ಯ ಪ್ಲಾಸ್ಟಿಕ್ ಟ್ಯಾಂಕು ಬಿಸಿಗೆ ಮೆತ್ತಗಾಗಿ, ಕುದಿನೀರಿನ ಸಮೇತ ಕೆಳಗಿನ ಕೋಣೆಗೆ ಕುಸಿಯಬಹುದು. ಅದರ ಕೆಳಗೆ ಗಟ್ಟಿಯಾದ ಹಲಗೆ ಪೂರ್ತಿ ಹಾಸಿರಲಿ, ಟ್ಯಾಂಕು ಕುದಿನೀರು ತಾಳುವಂಥದೇ ಆಗಿರಲಿ.

ತಣ್ಣಗಿರುವಾಗ ಟ್ಯಾಂಕಿನಲ್ಲಿ ನೀರು ತಳದಲ್ಲಿ ಒಂದಿಷ್ಟು ಇದ್ದರೆ ಸಾಕು, ಫೀಡ್ ಪೈಪಿನ ಬಾಯಿ ಮುಳುಗುವಷ್ಟು. ಯಾಕೆಂದರೆ 20ರಿಂದ 80 ಡಿಗ್ರಿಗೆ ಕಾಯುವಾಗ ಪ್ರತಿ 100 ಲೀಟರಿಗೆ ಸುಮಾರು 2.7 ಲೀಟರ್ ನೀರು ಹಿಗ್ಗಿ ಇಲ್ಲಿಗೇ ಬರಬೇಕು. ಮೊದಲೇ ತುಂಬಿಸಿಟ್ಟರೆ ಅದು ಹೊರಗೆ ಚೆಲ್ಲುತ್ತದೆ, ತಣಿದಾಗ ಹೊಸ ನೀರು ಸೇರುತ್ತದೆ. ಹೊಸ ನೀರಿನ ಜೊತೆ ಹೊಸ ಆಮ್ಲಜನಕ, ಹೊಸ ತುಕ್ಕು. ಟ್ಯಾಂಕಿಗೆ ನೀರು ಬಿಡುವ ಫ್ಲೋಟ್ ವಾಲ್ವನ್ನು ತಗ್ಗಿಸಿ. ಅದು ಸರಿ ಇದ್ದೂ, ಮುಚ್ಚಿಯೇ ಇದ್ದೂ, ನೀರಿನ ಮಟ್ಟ ತಾನಾಗಿ ಏರುತ್ತಿದ್ದರೆ ಸಿಲಿಂಡರಿನ ಒಳಸುರುಳಿ ತೂತಾಗಿ ಬಳಕೆಯ ನೀರು ಈ ಕಡೆ ಸೇರುತ್ತಿದೆ. ಆಗ ಸಿಲಿಂಡರ್ ಬದಲಾಯಿಸಬೇಕು.

ಟ್ಯಾಂಕಿಲ್ಲದೆ ಮುಚ್ಚಿದ ವ್ಯವಸ್ಥೆ ಇರುವವರು ಒತ್ತಡದ ಮೀಟರ್ ನೋಡಿ. ತಣ್ಣಗಿದ್ದಾಗ 1ರಿಂದ 1.5 ಬಾರ್ ಇದ್ದು, ಕಾದಾಗ ಮುಳ್ಳು 3ಕ್ಕೆ ಹಾರಿ ಸುರಕ್ಷಾ ವಾಲ್ವಿನಿಂದ ನೀರು ಹೋಗುತ್ತಿದ್ದರೆ ಹಿಗ್ಗುವ ನೀರಿಗೆ ಇಟ್ಟ ಗಾಳಿಯ ಡಬ್ಬಿ ಕೆಲಸ ನಿಲ್ಲಿಸಿದೆ. ಅದರ ಗಾಳಿ ತುಂಬುವ ಮೂಗನ್ನು ಒತ್ತಿ ನೋಡಿ. ಗಾಳಿ ಬಂದರೆ ತುಂಬಿಸಿಕೊಳ್ಳಬಹುದು, ನೀರು ಬಂದರೆ ಒಳಗಿನ ರಬ್ಬರ್ ಹರಿದಿದೆ. ಇಂಥ ವ್ಯವಸ್ಥೆಯನ್ನು ಸೌದೆ ಒಲೆಗೆ ಕಟ್ಟಿದ್ದರೆ, ನೀರು 95 ಡಿಗ್ರಿ ಹತ್ತಿರ ಬಂದಾಗ ತಾನೇ ತೆರೆದು ತಣ್ಣೀರು ಹರಿಸಿ ಬಾಯ್ಲರನ್ನು ತಣಿಸುವ ಸುರಕ್ಷಾ ವಾಲ್ವ್ ಇರಲೇಬೇಕು. ಇಲ್ಲವಾದರೆ ಸ್ವಂತ ರಿಪೇರಿ ನಿಲ್ಲಿಸಿ, ಈ ಕೆಲಸ ಬಲ್ಲವರಿಂದ ಇಡೀ ಜೋಡಣೆ ನೋಡಿಸಿ.

ರಿಪೇರಿ ಮುಗಿದ ಮೇಲೆ ಒಂದು ಪರೀಕ್ಷೆ ಬಾಕಿ ಇರುತ್ತದೆ. ಸಣ್ಣ ಬೆಂಕಿ ಮಾಡಿ, ಪಂಪಿನ ಕರೆಂಟನ್ನು ಬೇಕೆಂದೇ ತೆಗೆಯಿರಿ. ಒಲೆಯ ಪಕ್ಕದಲ್ಲೇ ಕುಳಿತುಕೊಳ್ಳಿ. ವಾಲ್ವಿಲ್ಲದ ಆ ಒಂದು ರೇಡಿಯೇಟರ್ ತಾನಾಗಿ ಬಿಸಿಯಾಗಬೇಕು, ವಾಪಸ್ ಪೈಪು ನಿಧಾನವಾಗಿ ಬೆಚ್ಚಗಾಗಬೇಕು, ಎಲ್ಲೂ ಕುದಿಯುವ ಸದ್ದು ಇರಬಾರದು. ಹಾಗಾದರೆ ಪಂಪಿಗೆ ಮತ್ತೆ ಕರೆಂಟ್ ಕೊಟ್ಟು, ದೊಡ್ಡ ಕೊರಡು ಹಾಕಿ.